ಹೊತ್ತು

ಮಕೋಲಾ ಮಾರುಕಟ್ಟೆಯ ಹಿಂದೆ, ಟೊಮೇಟೊ ಲಾರಿಗಳ ನೆರಳಲ್ಲಿ
ಮಗುಚಿಟ್ಟ ಬೋಗುಣಿಯ ಮೇಲೆ ಕೂತಿದ್ದಾಳೆ ಸನಾತು.
ನನ್ನ ತೊಡೆಯ ಮೇಲೆ ಟ್ಯಾಬ್ಲೆಟ್ಟು,
ಅವಳ ಬೆನ್ನಿಗೆ ಬಿಗಿದ ವುಂಪಿನಿ, ಏಳು ತಿಂಗಳ ಹಸುಳೆ,
ಬಟ್ಟೆಯ ಗಂಟಿನಾಚೆ ಒಂದು ಪಾದ ಮಾತ್ರ.

ಊರು? ಕರಾಗಾ. ತಮಾಲೆ ದಾಟಿ ಇನ್ನೂ ಮೇಲೆ.
ಓದು? ಎಂಟನೆಯದು ಅರ್ಧ.
ಅರ್ಧಕ್ಕೆ ಜಾಗವಿಲ್ಲ, ಏಳೋ ಎಂಟೋ ಹೇಳಬೇಕು.
'ಏಳೇ ಬರ್ಕೊ' ಅಂದಳು,
ಚೌಕಾಸಿಯಲ್ಲಿ ಸೋತವಳ ಹಾಗೆ.

ಬಂದದ್ದು ಯಾಕೆ?
ಹೊಲಿಗೆ ಯಂತ್ರ.
ನನ್ನ ಪಟ್ಟಿಯಲ್ಲಿ ಬಡತನವಿದೆ, ಮದುವೆಯಿದೆ,
ಮನೆ ಜಗಳವಿದೆ, ಮಳೆ ಕೈಕೊಟ್ಟದ್ದೂ ಇದೆ,
ಹೊಲಿಗೆ ಯಂತ್ರವಿಲ್ಲ.
'ಇತರೆ' ಒತ್ತಿದೆ.
ಇಡೀ ಫಾರ್ಮಿನಲ್ಲಿ ಅತಿ ಇಕ್ಕಟ್ಟಿನ ಕೋಣೆ ಅದೇ.

ಆಮೇಲೆ ಇಪ್ಪತ್ತಾರನೆಯ ಪ್ರಶ್ನೆ:
ನಿನ್ನೆ ಬೆಳಗಿನಿಂದ ಇವತ್ತು ಬೆಳಗಿನ ತನಕ
ಯಾವ ಕೆಲಸಕ್ಕೆ ಎಷ್ಟು ಹೊತ್ತು?

ದುಭಾಷಿ ಅಲ್ಹಸನ್ ದಗ್ಬಾನಿಗೆ ತಿರುಗಿಸಿದ.
ಅವಳು ಬೆರಳ ಗೆಣ್ಣು ಎಣಿಸಿದಳು.
ಹೊತ್ತು ಮೂಡುವ ಮುಂಚೆ ಈರುಳ್ಳಿ ಹೊತ್ತು
ಹೊತ್ತು ನೆತ್ತಿಗೇರಿದಾಗ ಯಾಮ್ ಗೆಡ್ಡೆ ಹೊತ್ತು
ಹೊತ್ತು ಮುಳುಗಿದ ಮೇಲೂ
ಯಾರದೋ ಫ್ರಿಜ್ಜಿಗೆ ಹೋಗುವ ಮೀನು ಹೊತ್ತು
ಹದಿಮೂರು ಗಂಟೆ.
ಅಡುಗೆ, ನೀರು, ಸಾಲಲ್ಲಿ ನಿಂತು ಸ್ನಾನ, ಮೂರು.
ಗಿರಾಕಿಗೆ ಕಾಯುವುದು ಎರಡು.
ನಮಾಜು ಅರ್ಧ. ನಿದ್ದೆ ಐದು.
ಮಗು ನೋಡಿಕೊಳ್ಳುವುದು?
'ಇಪ್ಪತ್ನಾಲ್ಕು.'

ಒಟ್ಟು ನಲವತ್ತೇಳೂವರೆ.
ಪರದೆ ಕೆಂಪಾಯಿತು:
ದಿನಕ್ಕೆ ಇಪ್ಪತ್ನಾಲ್ಕು ಮೀರುವಂತಿಲ್ಲ.
ಮುಂದಿನ ಪುಟದ ಗುಂಡಿ ಸತ್ತು ಬಿದ್ದಿತ್ತು.

ಯಾವುದನ್ನು ಕಡಿಯಲಿ, ಕೇಳಿದೆ.
ಮೂಟೆ ಇಳಿಸಿಕೊಂಡ ಮೇಲೆ ಕೂಲಿ ಕಡಿಮೆ ಮಾಡು ಅನ್ನುವ
ಹೆಂಗಸನ್ನು ನೋಡುವಂತೆ ನೋಡಿದಳು.
'ನಿದ್ದೆ ಕಡಿ.'
ಕಡಿದೆ. ಕೆಂಪು ಹೋಗಲಿಲ್ಲ.
ಮಗುವನ್ನು ಅನ್ನುವ ಮಾತು ನಾಲಿಗೆಗೆ ಬಂದು
ಉಗುಳಿನ ಜತೆ ನುಂಗಿಕೊಂಡೆ.

ಆಗ ಅವಳೇ ಕೇಳಿದಳು, ನಿಂಗೆಷ್ಟು ಕೊಡ್ತಾರೆ?
ಫಾರ್ಮಿಗೆ ಹದಿನೈದು ಸೆಡಿ.
ಅರ್ಧ ತುಂಬಿದ್ದಕ್ಕೆ?
ಇಲ್ಲ.
'ನಮ್ ಥರಾನೇ. ಕೈಜಾರಿದರೆ ಕೂಲಿ ಇಲ್ಲ.'
ಇವತ್ತೆಷ್ಟಾಯ್ತು?
ಇದು ಮೂರನೆಯದು, ಆಗಲೇ ಮೂರು ಗಂಟೆ.
ನಾನು ಕೇಟಾದಿಂದ ಬಂದವಳು, ಎಂ.ಎ. ಮುಗಿಸಿದವಳು,
ಮೂರು ತಿಂಗಳ ಕರಾರಿನವಳು
ಅಂತ ಅವಳಿಗೆ ಯಾಕೆ ಹೇಳಿದೆನೋ.
ನನ್ನನ್ನು ಯಾವ ಫಾರ್ಮೂ ಕೇಳಿರಲಿಲ್ಲ.

ಅವಳು ಬೆನ್ನ ಹಿಂದೆ ಕೈಚಾಚಿ
ಪುಟ್ಟ ಪಾದವನ್ನು ಬಟ್ಟೆಯೊಳಗೆ ತಳ್ಳಿ ಅಂದಳು,
'ಮಗೂಗೆ ಸೊನ್ನೆ ಹಾಕು.
ನಿದ್ದೇಲಿದ್ದಾನೆ, ಸಿಟ್ಟು ಮಾಡ್ಕೊಳಲ್ಲ.'

ನಿದ್ದೆಗೆ ಅವಳ ಐದು ಗಂಟೆ ಮರಳಿಸಿ
ಹಾಕಿದೆ ಸೊನ್ನೆ.
ಇಪ್ಪತ್ತಮೂರೂವರೆ. ಪರದೆ ಹಸಿರಾಯಿತು.

ಅಷ್ಟರಲ್ಲಿ ರಸ್ತೆಯಾಚೆಯಿಂದ 'ಕಾಯಾಯೋ!'
ಎದ್ದಳು. ನೆತ್ತಿಗೆ ಸಿಂಬೆ, ಸಿಂಬೆಗೆ ಬೋಗುಣಿ,
ಬೋಗುಣಿಗೆ ಅಕ್ಕಿ ಚೀಲ.
'ಒಂದು ಕೈ ಕೊಡು' ಅಂದಳು. ಕೊಟ್ಟೆ.
ಮಾಲಿನ ತೂಕ ಎಷ್ಟು ಅನ್ನುವ ಮೂವತ್ತೊಂದನೆಯ ಪ್ರಶ್ನೆಗೆ
ಉತ್ತರ ನನ್ನ ರಟ್ಟೆಯಲ್ಲಿ ಎರಡು ದಿನ ಇತ್ತು.
ಫಾರ್ಮಿನಲ್ಲಿ: ಗೊತ್ತಿಲ್ಲ.

ವರ್ಷದ ಮೇಲೆ ಹೊತ್ತಿಗೆ ಬಂತು, ದಪ್ಪ ರಟ್ಟಿನದು.
ಬಿಡುಗಡೆಯ ದಿನ ಹಿಂದಿನ ಸಾಲಲ್ಲಿ ಕೂತು ಕೇಳಿದೆ.
ತಲೆಹೊರೆಯ ವಲಸೆ ಹೆಣ್ಣುಮಕ್ಕಳು
ಮಕ್ಕಳಿಗೆ ಕೊಡುವ ವೇಳೆ
ಆತಂಕ ಹುಟ್ಟಿಸುವಷ್ಟು ಕಡಿಮೆ ಅಂದರು ವೇದಿಕೆಯವರು.
ಇವರಿಗೆ ತಾಯ್ತನದ ತರಬೇತಿ ಬೇಕೆಂದು ಒಬ್ಬರು,
ಅದಕ್ಕೆ ಅನುದಾನ ಇದೆಯೆಂದು ಇನ್ನೊಬ್ಬರು.
ಎಷ್ಟು ಜನ ಎಷ್ಟು ಜನರಿಗಾಗಿ
ಮರುಕದಿಂದ ಸೊನ್ನೆ ಹಾಕಿಸಿದರೋ.
ನಾನು ಕೈ ಎತ್ತಲಿಲ್ಲ.
ಮುಂದಿನ ಸುತ್ತಿನ ಕರಾರು ಇನ್ನೂ ಸಹಿಯಾಗಿರಲಿಲ್ಲ.

ರಾತ್ರಿ ಕೋಣೆಯಲ್ಲಿ, ಕರೆಂಟು ಹೋದಾಗ,
ಆ ಹೊತ್ತಿಗೆಯನ್ನು ತಲೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಾಕಿದೆ.
ಜಾರಿತು.
ಸಿಂಬೆಯಿಲ್ಲದೆ ನಿಲ್ಲುವಂಥದಲ್ಲ ಅದು.