ಹೆಚ್ಚು ಕಡಿಮೆ

ಕ್ರಾಕೋವಿನ ಗಣಿತ ಭವನದ ನೆಲಮಾಳಿಗೆಯಲ್ಲಿ
ಯಂತ್ರಗಳ ತಂಪು ಕಾಯುವುದು ನನ್ನ ಕೆಲಸ.
ಒಳಗೆ ಹದಿನೆಂಟು ಡಿಗ್ರಿ, ಹೊರಗೆ ಮೈನಸ್ ಹನ್ನೊಂದು.
ಬೆಚ್ಚಗಿರುವುದು ಅವುಗಳ ಬೆನ್ನಿನ ಗಾಳಿಯೊಂದೇ;
ಅಲ್ಲಿ ನನ್ನ ಕೈಗವಸು ಒಣಹಾಕುತ್ತೇನೆ, ಯಾರಿಗೂ ಹೇಳಬೇಡಿ.

ನವೆಂಬರಿನಲ್ಲಿ ಬೊಗ್ನಾ ಬಂದಳು.
ಒಂದು ಸಮೀಕರಣ, ಅದರೊಳಗೆ ಅಲೆಯುವ ಒಂದು ಬಿಂದು.
ಹೊರಟಲ್ಲಿಗೇ ಮರಳುತ್ತದೋ, ಇಲ್ಲವೋ?
ಪರದೆಯ ಮೇಲೆ ಮರಳಿತು. ನಾನೇ ಕಂಡೆ.
"ಬಂತಲ್ಲ" ಅಂದೆ.
"ಹೆಚ್ಚು ಕಡಿಮೆ ಬಂತು" ಅಂದಳು.
"ಆ ಎರಡು ಮಾತಿನ ನಡುವೆ
ನನ್ನ ಹನ್ನೆರಡು ವರ್ಷ ಬಿದ್ದುಹೋಗಿವೆ."

ಯಂತ್ರಕ್ಕೆ ಮೂರರಲ್ಲೊಂದು ಪಾಲು ಬರೆಯಲು ಬಾರದಂತೆ.
ಬರೆಯುತ್ತ ಬರೆಯುತ್ತ ಜಾಗ ಮುಗಿದಲ್ಲಿ
ಬಾಲ ಕತ್ತರಿಸಿ ಸುಮ್ಮನಾಗುತ್ತದೆ.
ಕೋಟಿ ಸಲ ಕತ್ತರಿಸಿದ ಬಾಲಗಳು
ಕತ್ತಲಲ್ಲಿ ಸೇರಿ ಒಂದು ಹಾವಾಗುತ್ತವೆ.

ಅದಕ್ಕೇ ಅವಳು ಸಂಖ್ಯೆ ಕೇಳುವುದು ಬಿಟ್ಟಳು.
ಬೇಲಿ ಕೇಳಿದಳು.
ಕಡಿಮೆಯೆಂದರೆ ಇಷ್ಟು: ಕೆಳಗಿನ ಗೂಟ ಇನ್ನೂ ಕೆಳಕ್ಕೆ.
ಹೆಚ್ಚೆಂದರೆ ಇಷ್ಟು: ಮೇಲಿನದು ಇನ್ನೂ ಮೇಲಕ್ಕೆ.
ನಿಜ ನಡುವೆ ಎಲ್ಲೋ ಮೇಯುತ್ತಿರುತ್ತದೆ,
ಅದರ ಮುಖ ನೋಡುವ ಹಟ ಬೇಡ.
ನಾಲ್ಕು ಬೇಲಿ ಸೇರಿಸಿದರೆ ಪೆಟ್ಟಿಗೆ.
ಪೆಟ್ಟಿಗೆ ಸುತ್ತಿ ಬಂದು ತನ್ನೊಳಗೇ ಇಳಿಯಬೇಕು,
ಅಂಚು ಮುಟ್ಟದಂತೆ.
ಇಳಿದರೆ, ಒಳಗೊಂದು ಬಿಂದು ಮನೆ ಸೇರಿದೆ.
ಎಲ್ಲಿ? ಕೇಳಬಾರದು. ಇದೆ.

ದೊಡ್ಡ ಪೆಟ್ಟಿಗೆ ದಾರಿಯಲ್ಲೇ ಊದಿಕೊಳ್ಳುತ್ತದೆ;
ಒಡೆದು ಎಪ್ಪತ್ತು ಲಕ್ಷ ಚೂರು ಮಾಡಿದಳು.
ಪ್ರೊಫೆಸರ್ ಗ್ನೇವೊಶ್ ಕೋಟು ಕಳಚದೆ ಬಾಗಿಲಲ್ಲೇ ನಿಂತು,
"ಕಾಣದ್ದನ್ನು ನಂಬಲು ನನಗೆ ಇಗರ್ಜಿಯಿದೆ, ಮಗಳೇ."
"ನಂಬಬೇಡಿ ಸರ್, ಎಣಿಸಿ ನೋಡಿ."

ನಲವತ್ತೊಂದು ದಿನ.
ಕೊನೆಯ ಚೂರೂ ಇಳಿಯಿತು.
ಚಹಾದ ಲೋಟಗಳಲ್ಲಿ ಚೆರಿಯ ಮದ್ಯ ಹಂಚಿದೆ,
ಗ್ನೇವೊಶ್ ಕೂಡ ಎರಡು ಸಲ ಲೋಟ ಒಡ್ಡಿದರು.

ಮರುದಿನ ಅವಳ ಮುಖ ಸುಣ್ಣ.
'ಕೆಳಕ್ಕೆ' ಎಂದು ಬರೆದ ಒಂದು ಆಜ್ಞೆಯನ್ನು
ಜಾಣ ಕಂಪೈಲರ್, ವೇಗದ ಆಸೆಗೆ, ಹಾರಿಸಿಬಿಟ್ಟಿತ್ತು.
ಗೂಟಗಳು ಇಳಿಯಬೇಕಾದಷ್ಟು ಇಳಿದಿರಲಿಲ್ಲ.
"ಎಷ್ಟು ವ್ಯತ್ಯಾಸ?"
"ಹದಿನಾರನೆಯ ಅಂಕಿಯಲ್ಲಿ."
"ಯಾರಿಗೆ ಗೊತ್ತಾಗುತ್ತೆ?"
ಅವಳು ನನ್ನ ಕೈಗವಸನ್ನು ಯಂತ್ರದ ಬೆನ್ನಿನಿಂದ ತೆಗೆದು
ನನ್ನ ಕೈಗಿಟ್ಟಳು.
"ಮತ್ತೆ ಬಿಸಿಯಾಗುತ್ತೆ. ಗಾಳಿಗೆ ದಾರಿ ಬಿಡಿ."

ಫೆಬ್ರವರಿಯಲ್ಲಿ ಗ್ನೇವೊಶ್‌ರನ್ನು ಆಸ್ಪತ್ರೆಗೆ ಸೇರಿಸಿದರು.
ಏನಾದರೂ ಹೆಚ್ಚು ಕಡಿಮೆಯಾದರೆ ಫೋನ್ ಮಾಡುತ್ತೇವೆ
ಎಂದಿದ್ದಳು ನರ್ಸ್. ಮಾಡುತ್ತಿದ್ದವರು ಅವರೇ,
ಸಂಜೆ ಏಳಕ್ಕೆ: "ಎಷ್ಟನೆಯ ಚೂರು?"

ಎರಡನೆಯ ಸಲ ಮುಗಿದಾಗ ನಡುರಾತ್ರಿ.
ಬೊಗ್ನಾ ಮೊದಲು ಆ ಒಂದು ಸಾಲು ತೆರೆದು ನೋಡಿದಳು.
ಉತ್ತರ ನೋಡಿದ್ದು ಆಮೇಲೆ.
ಅಷ್ಟರಲ್ಲಿ ಫೋನು. ಆಸ್ಪತ್ರೆಯ ನಂಬರು, ಏಳು ಗಂಟೆಯಲ್ಲ.
ಎತ್ತುವ ಮುಂಚೆ ನಾನು ಎಷ್ಟು ಹೊತ್ತು ನಿಂತೆನೋ,
ಹೇಳಲಾರೆ.

ಕೆಮ್ಮು. ಆಮೇಲೆ ದನಿ:
"ನಿದ್ದೆ ಬರಲಿಲ್ಲ. ಅಂಚು ಮುಟ್ಟಿತೇನಪ್ಪಾ?"
"ಇಲ್ಲ ಸರ್" ಅಂದೆ.
"ಕೂದಲೆಳೆಯಷ್ಟು ಉಳಿದಿದೆ."