ಖಾಲಿ ಬೇರೆ, ಸೊನ್ನೆ ಬೇರೆ

ರಾಜಧಾನಿಯಿಂದ ಬಂದವಳು ಡೆಲ್ಫೀನ್ ಮಾರ್ಕಸ್.
ಬಾಡಿಗೆ ಕಾರು, ಹೆಗಲಿಗೆ ಕ್ಯಾನ್ವಾಸ್ ಚೀಲ,
ಚೀಲದಲ್ಲಿ ದೇಶದ ದ್ವೇಷದ ಲೆಕ್ಕ.
ಯೋಜನೆ ಹಳೆಯದಾಯಿತು, ಹೇಗೆ ನಡೆದಿದೆ
ನೋಡಿ ಬಾ ಎಂದಿದ್ದಾರೆ.

ಆರ್ಕನ್ಸಾದ ಈ ಊರಿಗೆ ಕೋಳಿಯೇ ಕಸುಬು.
ಗಾಳಿಗೂ ಬಿಸಿನೀರಲ್ಲಿ ಅದ್ದಿದ ರೆಕ್ಕೆಯ ವಾಸನೆ.
ಠಾಣೆಯ ದಾಖಲೆ ಕೋಣೆಯಲ್ಲಿ ಲೋರೀನ್ ಟಿಬೆಟ್ಸ್,
ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕುಶನ್ನು,
ಕಾಫಿ ಕೊಟ್ಟು
ವರ್ಷವರ್ಷದ ಹಾಳೆ ಬಿಚ್ಚಿದಳು.

ಪೂಜ್ಯ.
ಅದರ ಕೆಳಗೆ ಪೂಜ್ಯ.
ಮಠದ ಗೋಡೆಯ ಪಟಗಳ ಹಾಗೆ
ಸಾಲಾಗಿ, ದುಂಡಗೆ, ಪ್ರಶ್ನೆ ಕೇಳಲಾಗದಂತೆ
ಕುಳಿತ ಪೂಜ್ಯರು.

"ನಮ್ಮೂರಲ್ಲಿ ಅಂಥದ್ದಿಲ್ಲಮ್ಮ," ಎಂದಳು ಲೋರೀನ್.
ಸುಳ್ಳಲ್ಲ. ನಂಬಿದ್ದಾಳೆ.
ಪಕ್ಕದ ಕೌಂಟಿ ಇನ್ನೂ ಸಲೀಸು ಮಾಡಿಕೊಂಡಿದೆ:
ಸೊನ್ನೆಯನ್ನೂ ಬರೆದಿಲ್ಲ.
ಒಂದು, ಬಾಗಿಲು ತೆರೆದು ಯಾರೂ ಇಲ್ಲ ಅನ್ನುವುದು;
ಇನ್ನೊಂದು, ಕರೆಗಂಟೆಗೆ ಏಳದೇ ಇರುವುದು.
ಖಾಲಿ ಬೇರೆ, ಸೊನ್ನೆ ಬೇರೆ,
ಡೆಲ್ಫೀನ್ ಟಿಪ್ಪಣಿ ಮಾಡಿಕೊಂಡಳು,
ಕೂಡಿಸುವಾಗ ಎರಡೂ ಒಂದೇ.

ಉತ್ತರದ ಒಂದು ನಗರ ಬಿಡದೆ ಬರೆದಿತ್ತು,
ಬರೆದೂ ಬರೆದೂ ಮುನ್ನೂರು ದಾಟಿಸಿತ್ತು.
ಪತ್ರಿಕೆಗಳು ಅದನ್ನೇ ದ್ವೇಷದ ತವರು ಎಂದವು.
ಕನ್ನಡಿ ಒರೆಸಿದವನ ಮುಖಕ್ಕೇ ಮಸಿ.

ಮಧ್ಯಾಹ್ನ, ಯಾರೂ ಹೇಳಿರದ ಕೆಲಸ:
'ಆಸ್ತಿ ಹಾನಿ' ಎಂಬ ಪೆಟ್ಟಿಗೆಯಿಂದ
ಒಂದೊಂದೇ ಫೈಲು ಎತ್ತಿ ಓದಿದಳು.
ಮಾರ್ಚ್ ಹನ್ನೊಂದು. ಕಾರಿನ ಗಾಜು, ನಾಲ್ಕೂ.
ಜಾಗ: ಕೋಳಿ ಕಾರ್ಖಾನೆಯ ಪಾರ್ಕಿಂಗು, ರಾತ್ರಿ ಪಾಳಿ.
ಕಾರಿನವಳು ಹೆರ್ಮಿನಾ ಲಜುಆನ್, ಮಾರ್ಷಲ್ ದ್ವೀಪದವಳು.
ಬಾನೆಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಎರಡು ಪದ;
ಆ ಎರಡನ್ನೂ ಅಧಿಕಾರಿ
ಮಡಿ ಮಾಡಿ 'ಅಸಭ್ಯ ಬರಹ' ಎಂದಿದ್ದಾನೆ.
ಪ್ರೇರಣೆ: ಹುಡುಗಾಟ.
ನಷ್ಟ: ಆರುನೂರ ನಲವತ್ತು ಡಾಲರು, ಹದಿನೆಂಟು ಸೆಂಟು.
ಅದರಲ್ಲಿ ಮಾತ್ರ ಒಂದು ಸೆಂಟೂ ತಪ್ಪಿಲ್ಲ.

ಪಾಳಿಗೆ ಮುಂಚೆ ಗೇಟಿನಲ್ಲಿ ಕಾದಳು.
ಹೆರ್ಮಿನಾ ಕೈಗವಸು ಏರಿಸುತ್ತ
ಮೊದಲು ಆ ಎರಡು ಪದ ಹೇಳಿದಳು. ಜೋರಾಗಿ. ಒಂದೇ ಸಲ.
"ಪೊಲೀಸಿನವ ಕೇಳಿದ್ದು ಇನ್ಶೂರೆನ್ಸ್ ನಂಬರು.
ಅವನ ಫಾರಂನಲ್ಲಿ ನನ್ನ ದ್ವೀಪ ಇರಲಿಲ್ಲ,
'ಇತರೆ' ಎಂದು ಗುರುತು ಹಾಕು ಅಂದ. ಹಾಕಿದೆ.
ಈಗ ದೀಪದ ಕಂಬದ ಕೆಳಗೇ ನಿಲ್ಲಿಸುತ್ತೇನೆ,
ಅದಕ್ಕೆ ಒಂದು ಗಂಟೆ ಮೊದಲೇ ಬರುತ್ತೇನೆ.
ಆ ಒಂದು ಗಂಟೆಯನ್ನು
ನಿಮ್ಮ ಹಾಳೆಯಲ್ಲಿ ಎಲ್ಲಿ ಬರೆಯುತ್ತೀರಿ?"
ಸೈರನ್ನು ಕೂಗಿತು. ಒಳಗೆ ಹೋದಳು.

ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಕೋಳಿ ಕೊಯ್ಯುವುದಕ್ಕುಂಟು, ಬಾಡಿಗೆಗುಂಟು,
ತೆರಿಗೆಗುಂಟು, ಭಾನುವಾರದ ಚರ್ಚಿನ
ಹಿಂದಿನ ಬೆಂಚಿಗುಂಟು.

ಮರುದಿನ ಲೋರೀನ್ ಆ ಫೈಲನ್ನು ಎರಡು ಸಲ ಓದಿದಳು.
ಕನ್ನಡಕ ತೆಗೆದಳು. ಹಾಕಿಕೊಂಡಳು.
"ತಿದ್ದಿದರೆ ನಮ್ಮೂರು ಕೆಟ್ಟದ್ದು ಅನ್ನಿಸುತ್ತದಲ್ಲ?"
ಡೆಲ್ಫೀನಳ ಚೀಲದಲ್ಲಿ ನಲವತ್ತು ಪುಟ ಶಿಫಾರಸು;
ಇದಕ್ಕೆ ಉತ್ತರ ಇರಲಿಲ್ಲ.
ಪರದೆಯ ಮೇಲೆ: ಈ ವರ್ಷದ ಲೆಕ್ಕ ಮುಗಿದಿದೆ.

ಕಾಗದದ ಹಾಳೆ ಇತ್ತಲ್ಲ. ಲೋರೀನ್ ಪೆನ್ಸಿಲು ಹಿಡಿದಳು.
ಸೊನ್ನೆಯ ಬಲಕ್ಕೆ ಗೀಟೆಳೆದರೆ ಒಂದು,
ಎಡಕ್ಕೆಳೆದರೆ ಹತ್ತು.
ಯಾವ ಕಡೆ ಎಂದು ಅವಳಿಗೂ ಗೊತ್ತಾಗಲಿಲ್ಲ.
ಕಾಫಿ ಆರಿತು.

"ಹಳೆಯ ಪೆಟ್ಟಿಗೆಗಳು ನೆಲಮಾಳಿಗೆಯಲ್ಲಿವೆ," ಎಂದಳು,
ಡ್ರಾಯರಿನಲ್ಲಿ ಬೀಗದ ಕೈ ತಡಕುತ್ತ,
"ಬಲ್ಬು ಇಲ್ಲ. ಟಾರ್ಚು ತಂದಿದ್ದೀಯಾ?"