ಎರಡು ಗೀಟಿನ ಕೋಲು

ಶಿರಿಯ ಹೊಳೆಯ ಅಳಿವೆಬಾಗಿಲಲ್ಲಿ
ಮುರಿದ ಹುಟ್ಟೊಂದು ಬಿದ್ದಿತ್ತು.
ಕೆತ್ತಿ ಕೋಲು ಮಾಡಿದೆ,
ಕೋಲಿಗೆ ಎರಡು ಗೀಟು ಕೊರೆದೆ.
ಮೊದಲ ಗೀಟಿಗೆ ಮುಟ್ಟದ್ದು ಹೊಳೆಗೆ,
ಎರಡನೆಯದನ್ನು ದಾಟಿದ್ದೂ ಹೊಳೆಗೆ.
ನಡುವಿನದು ನಮಗೆ.

ಮೊದಲನೆಯದಕ್ಕೆ ಎಲ್ಲರೂ ಒಪ್ಪಿದರು,
ಮರಿಯ ಮೇಲೆ ಯಾರಿಗೆ ಕನಿಕರವಿಲ್ಲ!
ಜಗಳವೆಲ್ಲ ಎರಡನೆಯದಕ್ಕೆ.
‘ದೊಡ್ಡದನ್ನು ಬಿಡುವುದಾದರೆ ಗಾಳ ಯಾಕೆ ಅಕ್ಕ,
ಮನೆಯಲ್ಲಿ ಕೂತು ಬೀಡಿ ಕಟ್ಟಬಹುದಲ್ಲ?’
ಅಂದವನು ಇದ್ದಿನಬ್ಬ.

ಅವನಿಗೆ ಹೇಳಿದೆ:
ಇದು ಗಂಡಾಗಿ ಬೆಳೆಯುವ ಮೀನು.
ಸಿಹಿನೀರಲ್ಲಿ ಮೂರು ನಾಲ್ಕು ಮಳೆಗಾಲ ಕಳೆದು
ಉಪ್ಪಿಗೆ ಇಳಿದು, ಮೈ ತುಂಬಿದ ಮೇಲೆ
ಹೆಣ್ಣಾಗುತ್ತದೆ.
ನಿನ್ನ ಚೀಲದಲ್ಲಿ ಬಾಲ ಹೊರಗೆ ಚಾಚಿದವೆಲ್ಲ
ತಾಯಂದಿರು ಮಾರಾಯ.
‘ಈ ಕಥೆ ನನ್ನ ಹೆಂಡತಿಗೆ ಹೇಳಬೇಡಿ,’ ಎಂದು ನಕ್ಕ,
‘ನನ್ನನ್ನೂ ಹೊಳೆಗೆ ಹಾಕಿ
ಕಾದು ಕೂತಾಳು.’

ಮಲಯಾಳದವರಿಗೆ ಅದು ಕಾಳಾಂಜಿ,
ಐಸಿನ ಲಾರಿಯವನ ಚೀಟಿಯಲ್ಲಿ ಸೀಬಾಸ್,
ನಮ್ಮಲ್ಲಿ ಕುರುಡಿ.
ಯಾರಿಟ್ಟರೋ, ಹಗಲಲ್ಲಿ ಮಾತ್ರ ಕಂಡವರಿರಬೇಕು.
ರಾತ್ರಿ ಟಾರ್ಚು ಬಿಟ್ಟರೆ
ಅದರ ಕಣ್ಣು ಊದಿದ ಕೆಂಡ.

ಇಲಾಖೆಯ ಬೋರ್ಡು ಮಲಯಾಳದಲ್ಲಿ ಬಂತು.
ಕೆಳಗೆ ಸುಣ್ಣದಲ್ಲಿ ಕನ್ನಡ ಬರೆದೆ.
ಮಳೆ ಪ್ರತಿವರ್ಷ ತೊಳೆಯುತ್ತದೆ,
ಪ್ರತಿವರ್ಷ ಬರೆಯುತ್ತೇನೆ.
ಎರಡನ್ನೂ ಓದಿ ಜನ
ತುಳುವಿನಲ್ಲಿ ಬೈಯುತ್ತಾರೆ.

ಒಂದು ಕೋಲಿನಿಂದ ಹೊಳೆ ಉಳಿಯದು, ಗೊತ್ತು.
ಮೇಲೆ ದೂಮಪ್ಪನವರ ಕಟ್ಟ ಇದೆ.
ಮಳೆ ಹಿಂತಿರುಗಿದ ಮೇಲೆ ಕಲ್ಲು ಮಣ್ಣು ಗೋಣಿ ಪೇರಿಸಿ
ಊರಿನ ಬಾವಿಗಳಿಗೆಲ್ಲ ನೀರು ಏರಿಸುವ ಕಟ್ಟ.
ಬೇಡವೆನ್ನಲು ನಾನು ಯಾರು?
ಅವರು ಕೊಟ್ಟ ಬೆಲ್ಲ ತಿಂದು, ನೀರು ಕುಡಿದು,
ಮರಿಗಳು ಹತ್ತಲು ಒಂದು ಮೊಳ ಸಂದು ಕೇಳಿದೆ.
‘ಮೊಳ ಬಿಟ್ಟರೆ ಊರೇ ಸೋರುತ್ತದೆ.’
ಮರುವರ್ಷ ಮತ್ತೆ ಬೆಲ್ಲ, ಮತ್ತೆ ನೀರು.
ಮೂರನೆಯ ವರ್ಷ ಗೇಣು ಬಿಟ್ಟರು.
ಮರಿಗೆ ಗೇಣು ಸಾಕು.

ಸೇತುವೆಯ ಬುಡದಲ್ಲಿ ಶಾಲೆಯ ಮಕ್ಕಳು
ನೂರು ಕಾಂಡ್ಲಾ ಗಿಡ ನೆಟ್ಟರು.
ಮೂವತ್ತೊಂದು ಇವೆ, ಮೊನ್ನೆ ಎಣಿಸಿದೆ.
ಉಳಿದವನ್ನು ಹೊಯ್ಗೆಯ ದೋಣಿಗಳು ಮೆಟ್ಟಿದವು.
ಹೊಯ್ಗೆಯವರ ಹೆಸರು ಬರೆಯುವುದಿಲ್ಲ.
ಅವರ ಲಾರಿಗೆ ನಂಬರು ಇಲ್ಲ,
ನನ್ನ ಮನೆಗೆ ಇದೆ.

ಈ ಸಲ ಅಳಿವೆ ಒಡೆದ ಮೂರನೆಯ ರಾತ್ರಿ
ಇದ್ದಿನಬ್ಬ ಬಾಗಿಲು ಬಡಿದ.
‘ಕೋಲು ತನ್ನಿ ಅಕ್ಕ.’
ದಂಡೆಯಲ್ಲಿ ಮಂಗಳೂರಿನ ಹೋಟೆಲಿನವನು
ಪೆಟ್ಟಿಗೆಯ ಮುಚ್ಚಳ ತೆಗೆದು ನಿಂತಿದ್ದ,
ಐಸು ಹೊಗೆಯಾಡುತ್ತಿತ್ತು.
ಮೊಣಕಾಲು ನೀರಿನಲ್ಲಿ ಮೀನು.
ಕೋಲಿಟ್ಟೆ.
ಮೊದಲ ಗೀಟು ದಾಟಿತು, ಎರಡನೆಯದೂ.
ಕೋಲೇ ಮುಗಿಯಿತು.
ಆಮೇಲೂ ಒಂದು ಗೇಣು ಮೀನು ಉಳಿದಿತ್ತು.

ನನ್ನನ್ನು ಕರೆಯದಿದ್ದರೂ ಆಗುತ್ತಿತ್ತು.
ಯಾಕೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಹೋಟೆಲಿನವನು ಒಂದು ಬೆಲೆ ಕೂಗಿದ.
ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.
ಇದ್ದಿನಬ್ಬ ತಲೆಯೆತ್ತಲಿಲ್ಲ.
ಕೊಕ್ಕೆ ಬಿಡಿಸಿ, ಹೊಟ್ಟೆಯಡಿ ಅಂಗೈ ಕೊಟ್ಟು,
ಹರಿವಿಗೆ ಮುಖ ಮಾಡಿಸಿ ನಡೆಸಿದ,
ಮೊದಲ ಹೆಜ್ಜೆ ಕಲಿಸುವ ಹಾಗೆ
ಬಾ, ಬಾ, ಎನ್ನುತ್ತ.
ಕಿವಿರು ತೆರೆಯಿತು, ಮುಚ್ಚಿತು, ತೆರೆಯಿತು.
ಬಾಲ ನನ್ನ ಸೀರೆಯ ನೆರಿಗೆಗೊಮ್ಮೆ ಬಡಿದು
ಎರಡು ಕೆಂಡ
ಕಪ್ಪು ನೀರಿನೊಳಗೆ ಕಡಲ ಕಡೆ ಹೋದವು.

ದಾರಿಯುದ್ದಕ್ಕೂ ಅವನದು ಒಂದೇ ತಕರಾರು:
‘ನಿಮ್ಮ ಕೋಲು ಗಿಡ್ಡ ಅಕ್ಕ.’
ಲೆಕ್ಕದ ಪುಸ್ತಕದಲ್ಲಿ ಆ ರಾತ್ರಿಯ ಉದ್ದದ ಜಾಗ
ಖಾಲಿ ಬಿಟ್ಟಿದ್ದೇನೆ.
ಅಷ್ಟು ಉದ್ದದ ಹುಟ್ಟು
ಯಾರದಾದರೂ ಮುರಿಯಲಿ ಎಂದು
ಕಾಯುತ್ತಿದ್ದೇನೆ.